ಗಾಳಿ ತೆಗೆದದ್ದು

ಹಿಡಿದರೆ ಸೀದಾ ಹಿಡಿಕೆಗೇ ಬಂದು ಕೂತಿತು ಕ್ಲಚ್ಚು.
ವಾಪಸ್ಸು ತಳ್ಳಲಿಲ್ಲ, ಒಂದು ಮಾತು ಎದುರಾಡಲಿಲ್ಲ.
ಇಷ್ಟು ವಿಧೇಯತೆ ಒಳ್ಳೇದಲ್ಲ ಕದಿರೇಶ, ಅಂದೆ.

ಗೂಡಿನ ಮಾರ್ಕೆಟ್ಟಿನಲ್ಲಿ ತೂಕ ಹಾಕುವ ಹುಡುಗ,
ಯಾರದೋ ಕೈಯಿಂದ ಯಾರದೋ ಕೈಗೆ ಬಂದ ದೊಡ್ಡ ಗಾಡಿ.
ಚಿಂತಾಮಣಿಯಲ್ಲೊಬ್ಬ ಪ್ಲೇಟು ಬದಲಿಸಿ ದುಡ್ಡು ತಗೊಂಡನಂತೆ.
ವಿಜಯಪುರದಲ್ಲೊಬ್ಬ ಅರ್ಧ ದಿನ ಕೇಬಲ್ ಹುಡುಕಿದನಂತೆ,
ಕೇಬಲ್ಲೇ ಇಲ್ಲದ ಗಾಡಿಯಲ್ಲಿ!
ಕೊನೆಗೆ ಗೇರಿಗೆ ಒದ್ದು ಒದ್ದು
ಶಿಡ್ಲಘಟ್ಟದ ನನ್ನ ತಗಡಿನ ನೆರಳಿಗೆ ತಳ್ಳಿಕೊಂಡು ಬಂದಿದ್ದ.

ಮೇಲಿನ ಡಬ್ಬಿಯ ಮುಚ್ಚಳ ಬಿಚ್ಚಿದೆ:
ಮೂರು ಸಲ ಕಾಯಿಸಿದ ಟೀ ಬಣ್ಣದ ಎಣ್ಣೆ,
ಅದೂ ತಳದಲ್ಲಿ.
ಕುಡಿದವರು ಯಾರು?
ಪೈಪಿನಗುಂಟ ಬೆರಳು ಇಳಿಸಿದೆ. ಒಣಗಿದೆ.
ಬೋಲ್ಟಿನ ಸಂದು, ಒಣಗಿದೆ.
ಚೈನಿನ ಚಕ್ರದ ಹಿಂದೆ, ಮಣ್ಣು ಗ್ರೀಸು ಕೂದಲು
ಮುದ್ದೆಯಾಗಿ ಕೂತ ಕತ್ತಲಲ್ಲಿ
ಒಂದು ಒದ್ದೆ.
ಗ್ರೀಸು ಅಂಟುತ್ತದೆ. ಇದು ಜಾರಿತು.
ಪಕ್ಕದ ಲೋಹದ ಮೇಲೆ ಬಣ್ಣ ಉಬ್ಬಿ
ಹಪ್ಪಳದ ಹಾಗೆ ಎದ್ದಿತ್ತು.
ಬಣ್ಣ ತಿನ್ನುವ ಎಣ್ಣೆ ಒಂದೇ ಒಂದು, ಸಿಕ್ಕಿಬಿದ್ದಳು ಕಳ್ಳಿ.

ಒಳಗೆ ಕಾಲುಂಗುರದಷ್ಟು ರಬ್ಬರು,
ತುಟಿ ಸೀಳಿದೆ. ಕಣ್ಣಿಗೆ ಕಾಣಲ್ಲ, ಉಗುರಿಗೆ ಗೊತ್ತಾಯಿತು.
ಜೆ.ಸಿ. ರಸ್ತೆಯಿಂದ ಮರುದಿನ ಮಧ್ಯಾಹ್ನ
ಕಂಡಕ್ಟರ್ ಸೊಣ್ಣಪ್ಪನ ಟಿಕೆಟ್ ಚೀಲದಲ್ಲಿ ಬಂತು ಹೊಸದು.

ಹಾಕಿದೆ. ಹೊಸ ಎಣ್ಣೆ ಸುರಿದೆ.
ಅಸಲು ಕೆಲಸ ಆಮೇಲೆ.
ಒತ್ತು. ಹಿಡಿ. ಬಿಚ್ಚಿದೆ. ಮುಚ್ಚಿದೆ. ಈಗ ಬಿಡು.
ಒತ್ತು. ಹಿಡಿ. ಬಿಚ್ಚಿ...
ಅಯ್ಯೋ ಯಾಕೆ ಬಿಟ್ಟೆ, ಮುಚ್ಚೋಕೆ ಮುಂಚೆ!
ಫೋನು ಬಂತು ಅಣ್ಣ.
ಒಳಗೆಳಕೊಂಡಿತು ನೋಡು ಒಂದು ಮುಕ್ಕು ಗಾಳಿ,
ಮತ್ತೆ ಮೊದಲಿಂದ.
ಒತ್ತು. ಹಿಡಿ.
ಕತ್ತಲಾಯಿತು. ಎಣಿಸುವುದು ಬಿಟ್ಟೆವು.
ಕ್ಲಚ್ಚು ಈಗ ನೆನೆಸಿದ ಬನ್ನು,
ಎಲ್ಲೋ ಒಂದು ಗುಳ್ಳೆ ಮೊಣಕೈ ತಿರುವಲ್ಲಿ ಕೂತು
ನಮ್ಮನ್ನು ನೋಡುತ್ತಿತ್ತು.

ಪಕ್ಕದ ರೀಲಿಂಗ್ ಮನೆಯಿಂದ ಜೈಬುನ್ ಖಾಲಾ ಬಂದಳು,
ದಿನವಿಡೀ ಬಿಸಿನೀರಲ್ಲಿ ಬೆಂದು ಬೆಳ್ಳಗಾದ ಬೆರಳು.
ಏನೋ ಹುಡುಕ್ತೀರಿ ಇಬ್ಬರೂ?
ಗಾಳಿ, ಖಾಲಾ.
ನಕ್ಕಳು. ಎರಡು ಬೆರಳಲ್ಲಿ ಕ್ಲಚ್ಚು ಒತ್ತಿ ನೋಡಿದಳು,
ಎಳೆ ಸಡಿಲ, ಅಂದಳು. ಅಷ್ಟೇ.
ಕಟ್ಟೋಕೆ ಏನಾದರೂ ಕೊಡು, ರಬ್ಬರ್ ಬ್ಯಾಂಡು ಹರಿದುಹೋಯ್ತು.
ಸೆರಗಿನ ತುದಿಯಲ್ಲಿದ್ದ ಹಾಳು ನೂಲಿನ ಉಂಡೆ ಕೊಟ್ಟಳು.

ಹ್ಯಾಂಡಲ್ ಎಡಕ್ಕೆ ತಿರುಗಿಸಿ, ಡಬ್ಬಿ ಎಲ್ಲಕ್ಕಿಂತ ಮೇಲಾಗಿಸಿ
ಕ್ಲಚ್ಚನ್ನು ಹಿಡಿಕೆಗೆ ಬಿಗಿಯಾಗಿ ಕಟ್ಟಿ ಮನೆಗೆ ಹೋದೆ.
ಇನ್ನು ನಮ್ಮ ಕೈಯಲ್ಲಿಲ್ಲ.
ಗುಳ್ಳೆಗೆ ಗೊತ್ತಿರುವುದು ಒಂದೇ ದಾರಿ, ಮೇಲಕ್ಕೆ.
ಅದು ಹತ್ತಿದ್ದನ್ನು ನಾನು ನೋಡಿಲ್ಲ.
ಮಲಗಿದ್ದೆ.

ಬೆಳಗ್ಗೆ ಗಲ್ಲಿಯ ತುಂಬ ಬೇಯುವ ಗೂಡಿನ ನಾತ,
ಕತ್ತರಿ ಹುಡುಕುವಷ್ಟರಲ್ಲಿ
ಖಾಲಾ ಹಲ್ಲಲ್ಲೇ ಕಚ್ಚಿ ನೂಲು ಹರಿದಳು.
ಬಿಟ್ಟೆ.
ಡಬ್ಬಿಯಲ್ಲಿ ಸಾಸಿವೆಯಷ್ಟು ದೊಡ್ಡದೊಂದು
ಬುಳುಕ್ ಅಂದು ಒಡೆಯಿತು.
ಮತ್ತೆ ಹಿಡಿದೆ, ಅಂಗೈಗೆ ಎದುರು ನಿಂತಿತು.
ಕದಿರೇಶ ಹಿಡಿದ. ಇನ್ನೊಮ್ಮೆ ಹಿಡಿದ. ಗಾಡಿ ಏರಲೇ ಇಲ್ಲ ಮಾರಾಯ,
ಹಿಡಿಯುತ್ತಲೇ ನಿಂತ.

ಬಿಲ್ಲು ಬರೆಯಲು ಕೂತೆ.
ಸೀಲು ಮುನ್ನೂರ ನಲವತ್ತು, ಎಣ್ಣೆ ನೂರಾ ಎಂಬತ್ತು,
ಸೊಣ್ಣಪ್ಪನಿಗೆ ಟೀ.
ಎದುರುಗಡೆ ಪಂಚರ್ ಅಂಗಡಿಯ ದಸ್ತಗೀರ್
ಗಾಳಿ ತುಂಬಲು ಹತ್ತು ರೂಪಾಯಿ ತಗೋತಾನೆ.
ತೆಗೆಯಲು ಎಷ್ಟು ಹಾಕಲಿ?
ಪೆನ್ನು ಹಿಡಿದು ಖಾಲಾನ ಮುಖ ನೋಡಿದೆ.
ಅವಳು ಹರಿದ ನೂಲನ್ನು
ಮತ್ತೆ ಉಂಡೆಗೆ ಸುತ್ತುತ್ತಿದ್ದಳು.